ಚಳಿಗಾಲದಲ್ಲಿ ಸನ್‌ಸ್ಕ್ರೀನ್ ಬೇಡವೇ? ನಿಮ್ಮ ನೆರಳನ್ನೇ ಕೇಳಿ

"ಬೇಸಿಗೆ ಮುಗೀತು, ಇನ್ನು ಸನ್‌ಸ್ಕ್ರೀನ್ ಯಾಕೆ?" "ನಮ್ಮದು ಕಪ್ಪು ಚರ್ಮ, ಬಿಸಿಲು ಏನೂ ಮಾಡಲ್ಲ." ಬಿಸಿಲಿನ ವಿಷಯ ಬಂದಾಗಲೆಲ್ಲ ಈ ಎರಡು ಮಾತು ಕೇಳಿಬರುತ್ತವೆ. ಎರಡರ ಹಿಂದೆಯೂ ಇರುವುದು ಒಂದೇ ನಂಬಿಕೆ: ಮೈ ಉರಿಯದಿದ್ದರೆ ಹಾನಿಯಿಲ್ಲ. ಇದು ಎಷ್ಟು ನಿಜ? ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿರುವ ಸೋಲೂರನ್ನು ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ಶಾಖ ಬೇರೆ, ಅತಿನೇರಳೆ ಕಿರಣ ಬೇರೆ

ಬಿಸಿಲಿನಲ್ಲಿ ನಮಗೆ ಗೊತ್ತಾಗುವುದು ಶಾಖ. ಚರ್ಮಕ್ಕೆ ಹೆಚ್ಚು ಹಾನಿ ಮಾಡುವುದು ಅತಿನೇರಳೆ ಕಿರಣ. ಅದು ಕಣ್ಣಿಗೆ ಕಾಣುವುದಿಲ್ಲ, ಬಿಸಿಯಾಗಿಯೂ ತಿಳಿಯುವುದಿಲ್ಲ. ಸೂರ್ಯ ನೆತ್ತಿಯ ಹತ್ತಿರ ಬಂದಷ್ಟೂ ಈ ಕಿರಣ ವಾತಾವರಣದಲ್ಲಿ ಸಾಗುವ ದಾರಿ ಕಡಿಮೆಯಾಗುತ್ತದೆ, ನಮ್ಮನ್ನು ತಲುಪುವ ಪ್ರಮಾಣ ಹೆಚ್ಚುತ್ತದೆ.

ಇದನ್ನು ಅಳೆಯಲು ಸುಲಭ ಉಪಾಯವಿದೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಅತಿನೇರಳೆ ಕಿರಣ ಜೋರಾಗಿದೆ ಎಂದರ್ಥ.

ಸೋಲೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಇಲ್ಲಿ ಮಧ್ಯಾಹ್ನ ಸುಮಾರು 12.20ಕ್ಕೆ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ನೆಟ್ಟ ಕಂಬಕ್ಕೂ ನೆರಳಿರುವುದಿಲ್ಲ. ಏಪ್ರಿಲ್ ಕೊನೆಯಲ್ಲಿ ಬೆಳಗ್ಗೆ ಸುಮಾರು 9.15ರಿಂದ ಮಧ್ಯಾಹ್ನ 3.20ರವರೆಗೂ ನೆರಳು ಗಿಡ್ಡವೇ.

ಇನ್ನು ಚಳಿಗಾಲ? ಡಿಸೆಂಬರ್ 21ರಂದು ಕೂಡ ಸುಮಾರು 10.30ರಿಂದ 2ರವರೆಗೆ ನೆರಳು ಆಳಿಗಿಂತ ಗಿಡ್ಡವಾಗಿರುತ್ತದೆ. ಅಂದರೆ ಇಲ್ಲಿ ನಡುಮಧ್ಯಾಹ್ನ ನೆರಳು ಉದ್ದವಾಗುವ ದಿನ ವರ್ಷದಲ್ಲಿ ಒಂದೂ ಇಲ್ಲ. ರಾಗಿ ಕೊಯ್ಲಿನ ಹೊತ್ತಿಗೆ ಗಾಳಿ ತಣ್ಣಗಿರುತ್ತದೆ, ಬಿಸಿಲು ಹಿತವಾಗಿರುತ್ತದೆ. ಆದ್ದರಿಂದಲೇ ಜನ ಹೆಚ್ಚು ಹೊತ್ತು ಬಿಸಿಲಿನಲ್ಲಿ ನಿಲ್ಲುತ್ತಾರೆ. ಮೋಡವನ್ನೂ ನಂಬುವಂತಿಲ್ಲ. ತೆಳು ಮೋಡದ ಮೂಲಕ ಶೇ. 80ರವರೆಗೆ ಅತಿನೇರಳೆ ಕಿರಣ ಹಾದುಬರಬಹುದು.

ಕಪ್ಪು ಚರ್ಮಕ್ಕೆ ಏನೂ ಆಗುವುದಿಲ್ಲವೇ?

ಅರ್ಧ ನಿಜ. ಚರ್ಮದ ಮೆಲನಿನ್ ಒಂದಿಷ್ಟು ರಕ್ಷಣೆ ಕೊಡುತ್ತದೆ. ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಬಿಳಿಯರಿಗಿಂತ ಬಹಳ ಕಡಿಮೆ. ಆದರೆ ಬಿಸಿಲಿನಿಂದ ಹೆಚ್ಚಾಗುವ ಬಂಗು ಮತ್ತು ಕಪ್ಪು ಕಲೆಗಳು ನಮ್ಮಂಥ ಚರ್ಮದಲ್ಲೇ ಹೆಚ್ಚು. ಕಣ್ಣಿನ ಪೊರೆಗೂ ಅತಿನೇರಳೆ ಕಿರಣ ಒಂದು ಕಾರಣ, ಅದಕ್ಕೆ ಚರ್ಮದ ಬಣ್ಣದ ಲೆಕ್ಕವಿಲ್ಲ.

ಎಸ್‌ಪಿಎಫ್ 50 ಹಚ್ಚಿದರೆ ಸಾಕೇ?

ಎಸ್‌ಪಿಎಫ್ ಮುಖ್ಯವಾಗಿ ಯುವಿಬಿ ಕಿರಣದ ಲೆಕ್ಕ. ಎಸ್‌ಪಿಎಫ್ 30 ಅದರಲ್ಲಿ ಸುಮಾರು ಶೇ. 97ರಷ್ಟನ್ನು ತಡೆಯುತ್ತದೆ, 50 ಸುಮಾರು ಶೇ. 98ರಷ್ಟನ್ನು. ನಿಜವಾದ ವ್ಯತ್ಯಾಸ ಇರುವುದು ಹಚ್ಚುವ ಪ್ರಮಾಣದಲ್ಲಿ. ಪ್ರಯೋಗಾಲಯದಲ್ಲಿ ಪ್ರತಿ ಚದರ ಸೆಂಟಿಮೀಟರ್‌ಗೆ 2 ಮಿಲಿಗ್ರಾಂ ಹಚ್ಚಿ ಈ ಅಂಕಿ ಪಡೆಯುತ್ತಾರೆ. ಬಹುಪಾಲು ಜನ ಹಚ್ಚುವುದು ಅದರ ಅರ್ಧಕ್ಕಿಂತ ಕಡಿಮೆ. ಮುಖ ಮತ್ತು ಕುತ್ತಿಗೆಗೆ ಎರಡು ಬೆರಳಿನ ಉದ್ದದಷ್ಟು ಬೇಕು. ಹೊರಗಿದ್ದರೆ ಎರಡು ಗಂಟೆಗೊಮ್ಮೆ, ಬೆವರಿದರೆ ಅದಕ್ಕೂ ಮೊದಲೇ ಮತ್ತೆ ಹಚ್ಚಬೇಕು.

ಟ್ಯೂಬಿನ ಮೇಲಿನ 'ಪಿಎ+++' ಗುರುತು ಯುವಿಎ ಕಿರಣಕ್ಕೆ ಸಂಬಂಧಿಸಿದ್ದು. ಇದು ಕಿಟಕಿಯ ಗಾಜನ್ನೂ ದಾಟುತ್ತದೆ. ಬೆಂಗಳೂರಿಗೆ ದಿನಾ ಬಸ್ಸಿನಲ್ಲಿ ಓಡಾಡುವವರು ಬಿಸಿಲು ಬೀಳದ ಬದಿಯ ಸೀಟು ಹಿಡಿದರೆ ಖರ್ಚಿಲ್ಲದೆ ಲಾಭ. ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ತೊಂದರೆ ಕೊಡುತ್ತದೆ. ಅಂಥವರಿಗೆ ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯುಕ್ತ.

ಹೊಲದಲ್ಲಿ ದುಡಿಯುವವರು ಏನು ಮಾಡಬೇಕು?

ಒಂದು ಸಣ್ಣ ಲೆಕ್ಕ ಹಾಕೋಣ. ಮುಖ, ಕುತ್ತಿಗೆಗೆ ಒಂದು ಸಲಕ್ಕೆ ಒಂದೂಕಾಲು ಗ್ರಾಂ ಎಂದುಕೊಂಡರೆ 50 ಗ್ರಾಂ ಟ್ಯೂಬು 40 ಸಲಕ್ಕೆ ಬರುತ್ತದೆ. ದಿನಕ್ಕೆ ಮೂರು ಸಲ ಹಚ್ಚಿದರೆ ಎರಡು ವಾರವೂ ಬಾರದು. ಕೈಕಾಲಿಗೂ ಹಚ್ಚಿದರೆ ಕೆಲವೇ ದಿನಕ್ಕೆ ಖಾಲಿ. ಕೂಲಿ ಹಣದಲ್ಲಿ ಇದು ಆಗುವ ಮಾತಲ್ಲ.

ಹಾಗೆಂದು ದಾರಿಯಿಲ್ಲ ಎಂದಲ್ಲ. ಸೀರೆಯ ಮೇಲೆ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಬಟ್ಟೆ ಕಟ್ಟಿ ಕಳೆ ಕೀಳುವ ಹೆಂಗಸರನ್ನು ನಾವೆಲ್ಲ ನೋಡಿದ್ದೇವೆ. ಅದು ಒಳ್ಳೆಯ ರಕ್ಷಣೆ. ಒತ್ತಾಗಿ ನೇಯ್ದ ಬಟ್ಟೆ ಬೆವರಿಗೆ ಅಳಿಸಿಹೋಗುವುದಿಲ್ಲ, ಎರಡು ಗಂಟೆಗೊಮ್ಮೆ ಹಚ್ಚುವ ಗೋಜೂ ಇಲ್ಲ. ಬೆಳಕಿಗೆ ಹಿಡಿದಾಗ ಆಚೆಗಿನದು ಕಾಣುವಷ್ಟು ಸವೆದಿದ್ದರೆ ಮಾತ್ರ ಬದಲಿಸಿ. ಮುಖಕ್ಕೆ ನೆರಳಾಗಲು ಅಗಲ ಅಂಚಿನ ಟೋಪಿ ಸೇರಿಸಿದರೆ ಇನ್ನೂ ಒಳ್ಳೆಯದು. ಟ್ಯೂಬು ಕೊಳ್ಳಲು ಆಗುವುದಾದರೆ ಅದನ್ನು ಬಟ್ಟೆ ಮುಚ್ಚದ ಮುಖಕ್ಕೆ ಉಳಿಸಿಕೊಳ್ಳಿ.

ಇವು ಬೇಡ

ಕೊಬ್ಬರಿ ಎಣ್ಣೆ ಸನ್‌ಸ್ಕ್ರೀನ್‌ಗೆ ಬದಲಿಯಲ್ಲ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಗುಳ್ಳೆ ಏಳಬಹುದು, ಕಲೆ ತಿಂಗಳುಗಟ್ಟಲೆ ಉಳಿಯಬಹುದು.

ಹೆಚ್ಚು ಅಪಾಯ ಇರುವುದು ಬಂಗಿಗೆಂದು ವೈದ್ಯರನ್ನು ಕೇಳದೆ ಹಚ್ಚುವ ಸ್ಟೀರಾಯ್ಡ್ ಕ್ರೀಮಿನಲ್ಲಿ. ಮೊದಲು ಮುಖ ಬೆಳ್ಳಗಾದಂತೆ ಕಾಣುತ್ತದೆ. ದಿನ ಕಳೆದಂತೆ ಚರ್ಮ ತೆಳುವಾಗಿ, ಕೆಂಪಾಗಿ, ಸ್ವಲ್ಪ ಬಿಸಿಲಿಗೂ ಉರಿಯತೊಡಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ನಿಯಮ ಮಾಡಿತು. ಈಗಾಗಲೇ ಬಳಸುತ್ತಿದ್ದರೆ ಒಮ್ಮೆಲೇ ಬಿಡದೆ ಚರ್ಮದ ವೈದ್ಯರನ್ನು ಕಾಣಿ.

ಕೊನೆಗೆ

ಚಳಿಯಿದ್ದರೆ ಬಿಸಿಲಿನಿಂದ ಹಾನಿಯಿಲ್ಲ ಎಂಬುದು ತಪ್ಪು. ಕಪ್ಪು ಚರ್ಮಕ್ಕೆ ರಕ್ಷಣೆ ಬೇಡ ಎಂಬುದು ಅರ್ಧ ಸತ್ಯ. ಹೊರಗೆ ಹೊರಡುವಾಗ ಥರ್ಮಾಮೀಟರ್ ಬೇಡ, ಕಾಲ ಬುಡದ ನೆರಳು ನೋಡಿ. ಅದು ಗಿಡ್ಡವಾಗಿದ್ದರೆ ಮೊದಲು ಮರದ ನೆರಳು, ಆಮೇಲೆ ಬಟ್ಟೆ, ಉಳಿದ ಜಾಗಕ್ಕೆ ಸನ್‌ಸ್ಕ್ರೀನ್.