ಪ್ರೋಬ್ ಜಾರಿದರೆ ಹಾವಿನ ಹೊಟ್ಟೆ ಸುಡುತ್ತದೆ

ಅಮೆರಿಕ, ಬ್ರಿಟನ್‌ಗಳಲ್ಲಿ ಮನೆಯಲ್ಲಿ ಹಾವು ಸಾಕುವವರು ಬಹಳ. ಅವರಲ್ಲಿ ಹೆಚ್ಚಿನವರ ಆಯ್ಕೆ ಕಾರ್ನ್ ಸ್ನೇಕ್, ಇಲ್ಲವೇ ಬಾಲ್ ಪೈಥಾನ್. ಈ ಎರಡನೆಯದು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಸಣ್ಣ ಹೆಬ್ಬಾವು. ಸಾಧು ಪ್ರಾಣಿ, ಹದಿನೈದು ದಿನಕ್ಕೊಂದು ಇಲಿ ಸಿಕ್ಕರೆ ತಕರಾರಿಲ್ಲ. ತಲೆನೋವೇನಿದ್ದರೂ ಬಿಸಿಯದು. ಹಾವಿನ ಮೈಗೆ ಬೇಕಾದ ಶಾಖ ಹೊರಗಿನಿಂದಲೇ ಬರಬೇಕು. ಅದು ಸಾಲದಿದ್ದರೆ ನುಂಗಿದ ಇಲಿ ಅರಗದೆ ವಾಂತಿಯಾಗುತ್ತದೆ, ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ಹೆಚ್ಚಾದರೆ ಹೊಟ್ಟೆ ಸುಡುತ್ತದೆ.

ಹಾಗೆಂದು ಹಾವನ್ನಿಡುವ ಗಾಜಿನ ಟ್ಯಾಂಕ್ ಪೂರ್ತಿ ಒಂದೇ ಹದದಲ್ಲಿ ಬೆಚ್ಚಗಿರಬಾರದು. ಬಾಲ್ ಪೈಥಾನ್‌ಗೆ ಒಂದು ತುದಿಯ ನೆಲ 31ರಿಂದ 33 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 25ರಿಂದ 27 ಡಿಗ್ರಿ ಇದ್ದರೆ ಅದು ತನಗೆ ಬೇಕಾದಾಗ ಅತ್ತಿತ್ತ ಹರಿದು ಸರಿಮಾಡಿಕೊಳ್ಳುತ್ತದೆ. ಎರಡೂ ತುದಿಗೆ ಒಂದೊಂದು ಅಡಗುಗೂಡು ಇರಲೇಬೇಕು. ಒಂದೇ ಇಟ್ಟರೆ ಪುಕ್ಕಲು ಹಾವು ಬಿಸಿಯೋ ತಂಪೋ ನೋಡದೆ ಅದರೊಳಗೇ ಕೂತುಬಿಡುತ್ತದೆ.

ಬಿಸಿಗೆ ಸಾಮಾನ್ಯವಾಗಿ ಬಳಸುವುದು ಹೀಟ್ ಮ್ಯಾಟ್. ಕಾಗದದಷ್ಟು ತೆಳ್ಳಗಿನ ಈ ಹಾಳೆಯನ್ನು ಗಾಜಿನ ಟ್ಯಾಂಕಿನ ತಳಕ್ಕೆ ಹೊರಗಿನಿಂದ, ನೆಲದ ಮೂರನೇ ಒಂದು ಭಾಗ ಮುಚ್ಚುವಂತೆ ಅಂಟಿಸುತ್ತಾರೆ. ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಿ ಬಿಟ್ಟರೆ ಅದರ ಮೇಲಿನ ಗಾಜು 45 ಡಿಗ್ರಿ ದಾಟಬಹುದು. ಟ್ಯಾಂಕನ್ನು ಮೇಜಿನ ಮೇಲೆ ಒತ್ತಿ ಕೂರಿಸಿದರೆ ಕೆಳಗಿನ ಶಾಖಕ್ಕೆ ಹೋಗಲು ದಾರಿಯಿಲ್ಲ, ಇನ್ನಷ್ಟು ಕಾಯುತ್ತದೆ. ನಾಲ್ಕು ಮೂಲೆಗೆ ರಬ್ಬರ್ ಕಾಲು ಹಚ್ಚಬೇಕು. ಒಳಗೆ ತೆಂಗಿನ ನಾರಿನ ಪುಡಿಯನ್ನು ನಾಲ್ಕು ಬೆರಳು ದಪ್ಪ ಹಾಸಿದಾಗ ಮೇಲ್ಪದರ ಬೆಚ್ಚಗಷ್ಟೇ ಇರುತ್ತದೆ, ಅಡಿಯ ಗಾಜು ಸುಡುತ್ತಿರುತ್ತದೆ. ಪುಡಿ ಬಗೆದು ಅಡಿಗಿಳಿಯುವುದು ಹಾವಿನ ಸ್ವಭಾವ. ಬಿಸಿ ತಾಗಿದರೆ ತಾನೇ ಸರಿಯುತ್ತದೆ ಎಂದು ನೆಚ್ಚುವಂತಿಲ್ಲ. ಕಾದ ಗಾಜಿನ ಮೇಲೆ ಸುರುಳಿ ಸುತ್ತಿ ಮಲಗಿದಲ್ಲೇ ಸುಟ್ಟುಕೊಂಡ ಹಾವುಗಳನ್ನು ಪಶುವೈದ್ಯರು ನೋಡುತ್ತಲೇ ಇರುತ್ತಾರೆ.

ಆದ್ದರಿಂದ ಥರ್ಮೋಸ್ಟಾಟ್ ಇಲ್ಲದೆ ಮ್ಯಾಟ್ ಕೂಡದು. ಕಡಿಮೆ ಬೆಲೆಯದು ಇಸ್ತ್ರಿಪೆಟ್ಟಿಗೆಯ ಹಾಗೆ ಕೆಲಸ ಮಾಡುತ್ತದೆ: ಹೇಳಿದ ಮಟ್ಟ ಮುಟ್ಟಿದರೆ ಕರೆಂಟ್ ಕಡಿಯುತ್ತದೆ, ಇಳಿದರೆ ಕೊಡುತ್ತದೆ. ಮ್ಯಾಟಿಗೆ ಇಷ್ಟು ಸಾಕು. ಬೆಳಕಿಲ್ಲದೆ ಬಿಸಿ ಮಾತ್ರ ಕೊಡುವ ಸೆರಾಮಿಕ್ ಹೀಟರಿಗೆ ಪಲ್ಸ್ ಬಗೆಯದು, ಬೆಳಕು ಕೊಡುವ ಬಲ್ಬಿಗೆ ಡಿಮ್ಮರ್ ಬಗೆಯದು ಬೇಕು. ಹತ್ತಿ ಆರಿ ಮಾಡಿದರೆ ಬಲ್ಬ್ ಬೇಗ ಸುಟ್ಟುಹೋಗುತ್ತದೆ.

ಥರ್ಮೋಸ್ಟಾಟಿಗೆ ಹಾವಿನ ಸುದ್ದಿ ಗೊತ್ತಿಲ್ಲ, ಟ್ಯಾಂಕಿನ ಸುದ್ದಿಯೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ವೈರಿನ ತುದಿಯ ಪ್ರೋಬ್ ಮುಟ್ಟಿರುವ ಜಾಗವೊಂದೇ. ರಾತ್ರಿ ಓಡಾಡುವ ಬಾಲ್ ಪೈಥಾನ್ ಮೂಲೆಮೂಲೆ ಮೂತಿಯಿಂದ ಒತ್ತಿ ನೋಡುವ ಜಾತಿ. ನೆಲದಲ್ಲಿದ್ದ ಪ್ರೋಬನ್ನು ಅದು ಎತ್ತಿ ಗಾಜಿನ ಗೋಡೆಗೆ ಒರಗಿಸಿತು ಎನ್ನಿ. ಅಲ್ಲಿನ ಗಾಳಿ 24 ಡಿಗ್ರಿ, ನೀವು ಕೇಳಿದ್ದು 32. ಥರ್ಮೋಸ್ಟಾಟ್ ಬೆಳಗಿನವರೆಗೂ ಕರೆಂಟ್ ಕೊಡುತ್ತಲೇ ಇರುತ್ತದೆ, ಪರದೆಯ ಮೇಲೆ ಮಾತ್ರ 24 ಎಂದೇ ಕಾಣುತ್ತದೆ. ನೀರಿನ ಬಟ್ಟಲು ಮಗುಚಿ ಪ್ರೋಬ್ ಒದ್ದೆಯಾದರೂ ಇದೇ ಪಾಡು. ತೇವ ಆರುವಾಗ ತುದಿ ತಂಪಾಗಿ ಸುಳ್ಳು ಲೆಕ್ಕ ಕೊಡುತ್ತದೆ. ಒಳಗೆ ಟೇಪಿನಿಂದ ಅಂಟಿಸಿದರಾಯಿತಲ್ಲ ಎನ್ನಬೇಡಿ. ಟೇಪಿನ ಅಂಚು ಎದ್ದರೆ ಹಾವು ಅದಕ್ಕೆ ಅಂಟಿಕೊಳ್ಳುತ್ತದೆ, ಬಿಡಿಸುವಾಗ ಚರ್ಮ ಕಿತ್ತುಬರುತ್ತದೆ.

ನನ್ನ ಮತ ಪ್ರೋಬ್ ಹೊರಗೇ ಇರಲಿ ಎಂದು. ಮ್ಯಾಟ್ ಮತ್ತು ಗಾಜಿನ ನಡುವೆ ಕೂರಿಸಿ ಹೊರಗಿನಿಂದ ಟೇಪ್ ಹಾಕಿದರೆ ಹಾವಿನ ಮೂತಿ ಅಲ್ಲಿಗೆ ತಲುಪದು. ಆದರೆ ಅಲ್ಲಿನ ಉಷ್ಣತೆಯೇ ಒಳಗಿನ ಉಷ್ಣತೆಯಲ್ಲ. ಹಾವನ್ನು ಬಿಡುವ ಮೊದಲೇ ಒಂದೆರಡು ದಿನ ಖಾಲಿ ಟ್ಯಾಂಕ್ ಓಡಿಸಿ, ಹಾಸಿನ ಪುಡಿ ಸರಿಸಿ, ಒಳಗಿನ ಬರಿಗಾಜನ್ನು ಬೇರೊಂದು ಡಿಜಿಟಲ್ ಥರ್ಮಾಮೀಟರಿನಿಂದಲೋ ಇನ್ಫ್ರಾರೆಡ್ ಗನ್ನಿನಿಂದಲೋ ಅಳೆದು, ಅದು 33 ದಾಟದಂತೆ ಥರ್ಮೋಸ್ಟಾಟನ್ನು ತಿರುಗಿಸಬೇಕು. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಇದಕ್ಕಾಗದು. ಅದರ ಲೆಕ್ಕವೆಲ್ಲ ಮನುಷ್ಯನ ಮೈಬಿಸಿಯದು. ಗೋಡೆಗೆ ಅಂಟಿಸುವ ಗಡಿಯಾರದಂಥ ಮೀಟರ್ ಅಂದಕ್ಕಷ್ಟೇ.

ಥರ್ಮೋಸ್ಟಾಟೂ ಒಂದು ಯಂತ್ರ. ಅದರ ಸ್ವಿಚ್ ಆನ್ ಆಗಿಯೇ ಕಚ್ಚಿಕೊಳ್ಳುವುದುಂಟು. ಜಾಗರೂಕರಾದವರು ಎರಡು ಡಿಗ್ರಿ ಮೇಲೆ ಹೊಂದಿಸಿದ ಇನ್ನೊಂದನ್ನು ಅದೇ ಸಾಲಿನಲ್ಲಿ ಜೋಡಿಸುತ್ತಾರೆ. ಮೊದಲನೆಯದು ಕೈಕೊಟ್ಟರೆ ಎರಡನೆಯದು ಕಡಿಯುತ್ತದೆ.

ಸೆರಾಮಿಕ್ ಹೀಟರ್ ಬಳಸುವುದಾದರೆ ಪಿಂಗಾಣಿ ಹೋಲ್ಡರೇ ಆಗಬೇಕು, ಪ್ಲಾಸ್ಟಿಕ್ ಕರಗುತ್ತದೆ. ಟ್ಯಾಂಕಿನ ಒಳಗಿದ್ದರೆ ಸುತ್ತ ತಂತಿಬಲೆ ಕಡ್ಡಾಯ. ಬೆಚ್ಚಗಿರುವುದಕ್ಕೆಲ್ಲ ಹಾವು ಸುತ್ತಿಕೊಳ್ಳುತ್ತದೆ. ಒಳಗೆ ಇಡುವ ‘ಬಿಸಿ ಕಲ್ಲು’ಗಳನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಕಿಟಕಿಯ ಬಿಸಿಲಿಗೆ ಟ್ಯಾಂಕ್ ಇಡುವುದಂತೂ ಬೇಡವೇ ಬೇಡ.

ವಾರಕ್ಕೊಮ್ಮೆ ಹಾವನ್ನು ಕೈಗೆತ್ತಿಕೊಂಡಾಗ ಹೊಟ್ಟೆ ನೋಡಿ. ಅಡಿಯ ಹುರುಪೆಗಳು ಕೆಂಪಾಗಿದ್ದರೆ, ಕಂದು ಕಲೆ ಅಥವಾ ಗುಳ್ಳೆ ಕಂಡರೆ ಸುಟ್ಟಿರಬಹುದು. ಪೊರೆ ಬಿಡುವ ಮುಂಚೆ ಹೊಟ್ಟೆ ತುಸು ಗುಲಾಬಿಯಾಗುವುದು ಬೇರೆ, ಅದು ಪೊರೆಯೊಂದಿಗೆ ಹೋಗುತ್ತದೆ. ಅನುಮಾನವಿದ್ದರೆ ಮ್ಯಾಟ್ ಆರಿಸಿ, ಪುಡಿ ತೆಗೆದು ಬಿಳಿ ಟಿಶ್ಯೂ ಹಾಸಿ, ಸರೀಸೃಪ ನೋಡುವ ವೈದ್ಯರಲ್ಲಿಗೆ ಒಯ್ಯಿರಿ. ಮನೆಯ ಮುಲಾಮು ಹಚ್ಚಬೇಡಿ.

ನಮ್ಮಲ್ಲಿ ನಾಗರ, ಕೇರೆ, ಹೆಬ್ಬಾವು ಯಾವುದನ್ನೂ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ಬಾಲ್ ಪೈಥಾನ್‌ನಂಥ ವಿದೇಶಿ ಹಾವಿದ್ದವರು ಅರಣ್ಯ ಇಲಾಖೆಗೆ ತಿಳಿಸಿ ನೋಂದಣಿ ಮಾಡಿಸಬೇಕು. ಹಾಗೆ ಸಾಕಿರುವವರು ಕಲಬುರಗಿ, ರಾಯಚೂರಿನ ಕಡೆಯವರಾದರೆ ಬೇಸಿಗೆಯ ಲೆಕ್ಕವೇ ಬೇರೆ. ಥರ್ಮೋಸ್ಟಾಟ್ ಬಿಸಿಯನ್ನು ನಿಲ್ಲಿಸಬಲ್ಲದೇ ಹೊರತು ತಂಪು ಕೊಡಲಾರದು. ಹೊರಗೆ 40 ದಾಟಿ ಕೋಣೆಯೇ ಕಾದಾಗ ಮ್ಯಾಟಿನ ಪ್ಲಗ್ ಕಿತ್ತು, ಟ್ಯಾಂಕನ್ನು ಎಸಿ ಇರುವ ಕೋಣೆಗೆ ಸಾಗಿಸುವುದೊಂದೇ ದಾರಿ.