ಗರ್ಭಕೋಶದ ಬಾಯಿ ಉದ್ದ ಇದ್ದರೆ ಸಿಸೇರಿಯನ್ ಆಗಲೇಬೇಕಾ?

‘ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಬಾಯಿ 3 ಸೆಂ.ಮೀ.ಗಿಂತ ಉದ್ದ ಇದ್ದರೆ ನೋವು ಬರಿಸುವ ಔಷಧ ಕೆಲಸ ಮಾಡಲ್ಲ. ಸುಮ್ಮನೆ ನೋವು ತಿನ್ನಬೇಡಿ, ನೇರವಾಗಿ ಸಿಸೇರಿಯನ್ ಮಾಡಿಸಿ.’ ದಿನ ತುಂಬಿದ ಗರ್ಭಿಣಿ ಇರುವ ಮನೆಗೆ ಇಂಥ ಸಂದೇಶ ಬಂದರೆ ಗಾಬರಿ ಸಹಜ. ಇದು ಅರ್ಧ ಸತ್ಯ.

ಅಳೆಯುವುದು ಏನನ್ನು?

ಗರ್ಭಕೋಶದ ಬಾಯಿಯನ್ನು ವೈದ್ಯರು ಸರ್ವಿಕ್ಸ್ ಎನ್ನುತ್ತಾರೆ. ಹೆರಿಗೆ ಹತ್ತಿರವಾದಂತೆ ಅದು ಮೆತ್ತಗಾಗಿ, ಗಿಡ್ಡವಾಗಿ, ತೆರೆದುಕೊಳ್ಳುತ್ತದೆ. ಅದರ ಉದ್ದವನ್ನು ಯೋನಿಯ ಮೂಲಕ ಮಾಡುವ ಸ್ಕ್ಯಾನ್‌ನಲ್ಲಿ ಅಳೆಯಬಹುದು. ದಿನ ತುಂಬಿದಾಗ ಉದ್ದ ಕಡಿಮೆ ಇದ್ದಷ್ಟೂ ನೋವು ಬರಿಸುವ ಚಿಕಿತ್ಸೆ ಫಲಿಸುವ ಸಾಧ್ಯತೆ ಹೆಚ್ಚು. ಸಂದೇಶದಲ್ಲಿರುವ ಸತ್ಯ ಇಷ್ಟೇ.

ತಪ್ಪಿರುವುದೆಲ್ಲಿ?

ಇಷ್ಟು ಉದ್ದವಿದ್ದರೆ ಸಹಜ ಹೆರಿಗೆ ಆಗುವುದೇ ಇಲ್ಲ ಎಂಬ ಗಡಿಯೇ ಇಲ್ಲ. ಬೇರೆ ಬೇರೆ ಅಧ್ಯಯನಗಳು 20ರಿಂದ 30 ಮಿ.ಮೀ. ನಡುವೆ ಬೇರೆ ಬೇರೆ ಗಡಿಗಳನ್ನು ಬಳಸಿವೆ. ಯಾವುದೂ ಫಲಿತಾಂಶವನ್ನು ಖಚಿತವಾಗಿ ಹೇಳಿಲ್ಲ. ಉದ್ದ ಹೆಚ್ಚಿದ್ದ ಅನೇಕರಿಗೂ ಸಹಜ ಹೆರಿಗೆಯಾಗಿದೆ.

ವೈದ್ಯರು ಈ ಒಂದು ಅಳತೆಯನ್ನೇ ನಂಬಿ ಕೂರುವುದೂ ಇಲ್ಲ. ಅಮೆರಿಕದ ವೈದ್ಯ ಎಡ್ವರ್ಡ್ ಬಿಷಪ್ 1964ರಲ್ಲಿ ಕೊಟ್ಟ ಬಿಷಪ್ ಸ್ಕೋರ್ ಈಗಲೂ ಬಳಕೆಯಲ್ಲಿದೆ. ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಎಷ್ಟು ಮೆತ್ತಗಿದೆ, ಯಾವ ಕಡೆಗಿದೆ, ಮಗುವಿನ ತಲೆ ಎಷ್ಟು ಇಳಿದಿದೆ ಎಂದು ಕೈಯಿಂದ ಪರೀಕ್ಷಿಸಿ 13ಕ್ಕೆ ಅಂಕ ಕೊಡುತ್ತಾರೆ. ಹಿಂದೆ ಸಹಜ ಹೆರಿಗೆ ಆಗಿದ್ದರೆ ಅದೂ ಅನುಕೂಲವೇ.

ಬಾಯಿ ಇನ್ನೂ ಗಟ್ಟಿಯಾಗಿದ್ದರೆ ಅದಕ್ಕೂ ದಾರಿ ಇದೆ. ಪ್ರೊಸ್ಟಗ್ಲಾಂಡಿನ್ ಔಷಧ ಅಥವಾ ಬಲೂನು ಇರುವ ಫೋಲಿ ಕ್ಯಾಥೆಟರ್‌ನಿಂದ ಮೊದಲು ಅದನ್ನು ಹದಗೊಳಿಸುತ್ತಾರೆ. ಹಿಂದೆ ಸಿಸೇರಿಯನ್ ಆಗಿದ್ದರೆ ಕೆಲವು ಔಷಧ ಬಳಸುವುದಿಲ್ಲ, ಹಾಗಾಗಿ ವೈದ್ಯರಿಗೆ ತಪ್ಪದೆ ತಿಳಿಸಿ.

ಇನ್ನೊಂದು ಗೊಂದಲ

ಐದನೇ ತಿಂಗಳ ಸ್ಕ್ಯಾನ್‌ನಲ್ಲೂ ಇದೇ ಉದ್ದ ಅಳೆಯುವುದುಂಟು. ಆಗ 25 ಮಿ.ಮೀ.ಗಿಂತ ಕಡಿಮೆ ಇದ್ದರೆ ಅವಧಿಗೆ ಮುನ್ನ ಹೆರಿಗೆಯಾಗುವ ಅಪಾಯ ಹೆಚ್ಚು. ಅದೇ ಅಳತೆ ದಿನ ತುಂಬಿದಾಗ ಒಳ್ಳೆಯ ಸೂಚನೆ. ಎಷ್ಟನೇ ವಾರ ಎಂದು ಹೇಳದ ಸಂಖ್ಯೆಗೆ ಅರ್ಥವಿಲ್ಲ.

ಏನು ಮಾಡಬೇಕು?

ಬಿಪಿ ಏರಿದಾಗ ಅಥವಾ 41 ವಾರ ದಾಟಿದಾಗ ವೈದ್ಯರು ನೋವು ಬರಿಸಲು ಹೇಳಿದರೆ, ಫಾರ್ವರ್ಡ್ ನೋಡಿ ಹೆದರಿ ಮನೆಯಲ್ಲೇ ಉಳಿಯುವುದು ತಾಯಿ, ಮಗು ಇಬ್ಬರಿಗೂ ಅಪಾಯ. ‘ನನಗೆ ಯಾಕೆ ನೋವು ಬರಿಸುತ್ತಿದ್ದೀರಿ? ಫಲಿಸದಿದ್ದರೆ ಮುಂದೇನು?’ ಎಂದು ವೈದ್ಯರನ್ನೇ ಕೇಳಿ. ಸ್ಕ್ಯಾನ್ ಕೊಡುವುದು ಅಂದಾಜು, ತೀರ್ಪಲ್ಲ.