ನಕ್ಷೆಯಲ್ಲಿದ್ದು ನೆಲದ ಮೇಲಿಲ್ಲದ ಊರು

ದಾವಣಗೆರೆಯ ವಿನೋಬನಗರವನ್ನು ನೂರು ವರ್ಷದ ಹಿಂದಿನ ನಕ್ಷೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ವಿನೋಬಾ ಭಾವೆಯವರ ಹೆಸರು ದೇಶಕ್ಕೆಲ್ಲ ಹಬ್ಬಿದ್ದೇ 1951ರ ಭೂದಾನ ಚಳವಳಿಯಿಂದ. ಬಡಾವಣೆಯ ಹೆಸರೇ ಅದರ ವಯಸ್ಸು ಹೇಳಿಬಿಡುತ್ತದೆ. ಹಳೆಯ ನಕ್ಷೆ ಓದುವವರಿಗೆ ಮೊದಲ ಪಾಠ ಇದು: ಆಗ ಇಲ್ಲದೆ ಈಗ ಇರುವುದನ್ನು ಬಿಡಿ, ಆಗ ಇದ್ದು ಈಗ ಇಲ್ಲದಿರುವುದನ್ನು ಹಿಡಿಯಿರಿ.

ಇಂಗ್ಲೆಂಡಿನಲ್ಲಿ ಲೋಹಶೋಧಕ ಹಿಡಿದು ಹೊಲ ಸುತ್ತುವ ಹವ್ಯಾಸಿಗಳು ಜಾಗ ಆರಿಸುವುದು ಹೀಗೆಯೇ. ಜನ ಸೇರಿದ ಕಡೆ ನಾಣ್ಯ, ಗುಂಡಿ, ಲಾಳ ಬಿದ್ದಿರುತ್ತವೆ. ಹಾಗಾಗಿ ಸಂತೆ, ಹೊಳೆ ದಾಟುವ ಕಡವು, ದಂಡಿನ ಬೀಡು, ಪಾಳುಬಿದ್ದ ಊರು ಇವನ್ನು ನಕ್ಷೆಯಲ್ಲಿ ಗುರುತಿಸಿಕೊಂಡೇ ಹೊರಡುತ್ತಾರೆ. ನಮ್ಮಲ್ಲಿ ಕಾನೂನು ಬೇರೆ, ಅದನ್ನು ಕೊನೆಗೆ ನೋಡೋಣ. ನಕ್ಷೆ ಓದುವ ವಿದ್ಯೆಗೆ ಮಾತ್ರ ಯಾವ ಅಡ್ಡಿಯೂ ಇಲ್ಲ.

ನಮ್ಮ ಸೀಮೆಯಲ್ಲಿ ಇದಕ್ಕೆ ಎರಡು ಒಳ್ಳೆಯ ಉದಾಹರಣೆಗಳಿವೆ. ಇಂದಿನ ಮಹಾನಗರ ದಾವಣಗೆರೆ ಒಂದು ಕಾಲಕ್ಕೆ ಬೇತೂರಿಗೆ ಸೇರಿದ ಸಣ್ಣ ಹಳ್ಳಿ. ಹೈದರಾಲಿ ಅದನ್ನು ಅಪ್ಪೋಜಿರಾಮ್ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ ಮೇಲೆ ವ್ಯಾಪಾರಿಗಳು ಬಂದು ನೆಲೆಸಿದರು, ಪೇಟೆ ಬೆಳೆಯಿತು. ಹೀಗಾಗಿ ಹಳೆಯ ಕಾಲದ ಕುರುಹು ಬೇಕೆಂದರೆ ಮೊದಲು ನೋಡಬೇಕಾದದ್ದು ಬೇತೂರು ಮತ್ತು ದಾವಣಗೆರೆ ಪಕ್ಕದ ಆನೆಕೊಂಡಗಳ ಸುತ್ತಲಿನ ನೆಲವನ್ನು.

ಇನ್ನೊಂದು ಹರಿಹರ. ತುಂಗಭದ್ರೆಗೆ ಇಲ್ಲಿ ಸೇತುವೆ ಆದದ್ದು 1868ರಲ್ಲಿ. ಅದಕ್ಕೂ ಮೊದಲು ಹೊಳೆ ದಾಟುವವರಿಗೆ ಕಡವೇ ಗತಿ. ಊರಿನಿಂದ ಎರಡು ಮೈಲಿ ದೂರದಲ್ಲಿ ಬ್ರಿಟಿಷರ ದಂಡು ಪ್ರದೇಶವಿತ್ತು. 1865ರವರೆಗೆ ಕಾಲಾಳು ಪಡೆಯೊಂದು ಅಲ್ಲಿ ಬೀಡುಬಿಟ್ಟಿತ್ತು. ಈ ಮಾತು ಗೆಜೆಟಿಯರಿನಲ್ಲಿದೆ. ಗೆಜೆಟಿಯರು ಹೇಳಿದ್ದನ್ನು ನಕ್ಷೆಯ ಮೇಲೆ ಅಳೆದು ನೋಡಿದಾಗಲೇ ಜಾಗ ನಿಖರವಾಗುವುದು.

ನಕ್ಷೆ ಎಲ್ಲಿ ಸಿಗುತ್ತದೆ? ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಗ್ರಾಮ ನಕ್ಷೆಗಳಿವೆ. ಅದರಲ್ಲಿ 'ಬೇಚರಾಕ್' ಎಂದು ಕರೆಯುವ ಗ್ರಾಮಗಳ ಮೇಲೆ ಕಣ್ಣಿಡಿ. ದೀಪವಿಲ್ಲದ್ದು ಎಂಬುದು ಆ ಪದದ ಅರ್ಥ. ಸರ್ವೆ ನಂಬರುಗಳಿರುತ್ತವೆ, ವಾಸದ ಮನೆ ಒಂದೂ ಇರುವುದಿಲ್ಲ. ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳಲ್ಲಿ ದಾವಣಗೆರೆ 48ಎನ್/15ರಲ್ಲೂ ಹರಿಹರ 48ಎನ್/14ರಲ್ಲೂ ಬರುತ್ತವೆ. ಹಳೆಯದರಲ್ಲಿ ಒಂದು ಇಂಚಿಗೆ ಒಂದು ಮೈಲಿ, ಆಮೇಲಿನದರಲ್ಲಿ ಐವತ್ತು ಸಾವಿರಕ್ಕೆ ಒಂದು ಅಳತೆ.

ಹುಡುಕುವಾಗ ಆಡಳಿತದ ಗಡಿ ಮರೆಯಬೇಡಿ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ದಾವಣಗೆರೆ, ಹರಿಹರಗಳ ಅದಕ್ಕೂ ಹಿಂದಿನ ದಾಖಲೆಗಳು ಹೆಚ್ಚಾಗಿ ಚಿತ್ರದುರ್ಗದ ಹೆಸರಿನಲ್ಲಿವೆ. ಹೊಳೆಯಾಚೆಯ ರಾಣೆಬೆನ್ನೂರು ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತ್ಯದ್ದು. ಬಳ್ಳಾರಿಗೆ ಸೇರಿದ್ದ ಹರಪನಹಳ್ಳಿ 1953ರವರೆಗೆ ಮದ್ರಾಸಿನದ್ದು. ಹತ್ತಾರು ಮೈಲಿ ಸೀಮೆಯ ನಕ್ಷೆಗಳು ಮೂರು ಸರ್ಕಾರಗಳ ಕಡತಗಳಲ್ಲಿ ಹಂಚಿಹೋಗಿವೆ.

ಮುಂದಿನ ಕೆಲಸ ಹಳೆಯ ಹಾಳೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಕೂರಿಸುವುದು. ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ ಸಾಕು. ಎರಡರಲ್ಲೂ ಕಾಣುವ ನಾಲ್ಕೈದು ಬಿಂದುಗಳನ್ನು ಜೋಡಿಸಬೇಕು. ಗುಡಿ, ಕೆರೆಯ ತೂಬು, ಗುಡ್ಡದ ತುದಿ ಆಗಬಹುದು. ಹೊಳೆದಂಡೆ, ರಸ್ತೆ ತಿರುವು ಬೇಡ, ಅವು ಜಾಗ ಬದಲಿಸುತ್ತವೆ. ಅಕ್ಷಾಂಶ ರೇಖಾಂಶ ನಂಬಿ ಕೂರಿಸಿದರೂ ಮೋಸ ಹೋಗುತ್ತೀರಿ. ಮದ್ರಾಸ್ ವೀಕ್ಷಣಾಲಯದ ರೇಖಾಂಶವನ್ನು ಮೊದಲು ತಪ್ಪಾಗಿ ಎಣಿಸಿದ್ದರಿಂದ, 20ನೇ ಶತಮಾನದ ಆರಂಭದಲ್ಲಿ ಅದನ್ನು ತಿದ್ದುವವರೆಗಿನ ಹಾಳೆಗಳಲ್ಲಿ ಸುಮಾರು ಎರಡೂವರೆ ಮಿನಿಟು ವ್ಯತ್ಯಾಸವಿದೆ. ನಮ್ಮ ಕಡೆಯ ಲೆಕ್ಕದಲ್ಲಿ ಅದು ನಾಲ್ಕು ಕಿಲೋಮೀಟರಿಗೂ ಹೆಚ್ಚು.

ಜಾಗ ಗೊತ್ತಾದ ಮೇಲೆ ಹೊಲದ ಯಜಮಾನರನ್ನು ಕೇಳಿ ಹೋಗಿ. ಉಳುಮೆಯಾಗಿ ಒಂದು ಮಳೆ ಬಿದ್ದಿದ್ದರೆ ಮಣ್ಣು ತೊಳೆದು ಕುರುಹುಗಳು ಮೇಲೆ ಕಾಣುತ್ತವೆ. ಮಡಕೆ ಚೂರು, ಬೂದಿಬಣ್ಣದ ಮಣ್ಣು, ಒಂಟಿ ವೀರಗಲ್ಲು, ಬಳಕೆ ತಪ್ಪಿದ ಬಾವಿ ಹಳೆಯ ವಸತಿಯ ಗುರುತು. ಕಬ್ಬಿಣದ ಕಿಟ್ಟ ಬಿದ್ದಿದ್ದರೆ ಅಲ್ಲಿ ಕುಲುಮೆ ಇತ್ತೆಂದು ಊಹಿಸಬಹುದು. ಹಿರಿಯರನ್ನು ಕಂಡರೆ ಆ ಹೊಲವನ್ನು ಏನೆಂದು ಕರೆಯುತ್ತಾರೆ ಅಂತ ಕೇಳಿ. 'ಹಾಳೂರ ಹೊಲ' ಅಂದರೆ ಅರ್ಧ ಉತ್ತರ ಸಿಕ್ಕಂತೆ.

ಈಗ ಕಾನೂನು. ರಕ್ಷಿತ ಸ್ಮಾರಕ, ರಕ್ಷಿತ ನಿವೇಶನಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದು 1958ರ ಕೇಂದ್ರ ಕಾಯ್ದೆ, 1961ರ ರಾಜ್ಯ ಕಾಯ್ದೆ ಎರಡರಡಿಯಲ್ಲೂ ಅಪರಾಧ. ಉಳಿದ ಕಡೆ ಸಿಕ್ಕ ನಿಧಿಗೂ 1962ರ ಕರ್ನಾಟಕದ ಕಾಯ್ದೆ ಅನ್ವಯಿಸುತ್ತದೆ. ಮುಚ್ಚಿಡುವಂತಿಲ್ಲ, ಸರ್ಕಾರಕ್ಕೆ ತಿಳಿಸಬೇಕು. ಗುಡಿಯ ನಂದಿ ಕಿತ್ತು ಗುಂಡಿ ತೋಡುವ ನಿಧಿಗಳ್ಳರ ಕಾಟ ನಮಗೇನೂ ಹೊಸದಲ್ಲ. ಹಾಗಾಗಿ ಹಾರೆ, ಯಂತ್ರ ಮನೆಯಲ್ಲಿರಲಿ. ಕಣ್ಣು, ಕ್ಯಾಮೆರಾ, ನೋಟ್‌ಬುಕ್ ಸಾಕು.

ಏನಾದರೂ ಮೇಲೆಯೇ ಕಂಡರೆ ಎತ್ತಬೇಡಿ. ಇದ್ದಲ್ಲೇ ಫೋಟೊ ತೆಗೆದು, ಸರ್ವೆ ನಂಬರು, ತಾರೀಖು ಬರೆದು ತಹಶೀಲ್ದಾರರಿಗೂ ಪುರಾತತ್ವ ಇಲಾಖೆಗೂ ತಿಳಿಸಿ. ಆ ಸರ್ವೆ ನಂಬರನ್ನು ನಿಮ್ಮ ನಕ್ಷೆಯ ಮೇಲೂ ಗುರುತು ಹಾಕಿಡಿ. ಅಂಥ ಹತ್ತು ಗುರುತು ಒಟ್ಟಾದರೆ ದೀಪವಾರಿದ ಊರೊಂದರ ಬೀದಿ ಎತ್ತ ಸಾಗಿತ್ತೆಂದು ತಾನೇ ಕಾಣತೊಡಗುತ್ತದೆ.